ಓರೆ ಹೊಲದ ಆರು ಗುಂಟೆ

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಕಾಲುವೆಯ ಪಕ್ಕದ ಹೊಲವನ್ನು ಅಳೆಯಲಾಯಿತು. ಸ್ಥಳದಲ್ಲಿ ಐದು ಜನ ಇದ್ದೆವು. ಹೊಲದ ಮಾಲೀಕರಾದ ಸಾವುಕಾರರು, ಊರಿನಲ್ಲಿ ಹಗ್ಗ ಹಿಡಿದು ಹೊಲ ಅಳೆಯುವ ಹಿರಿಯರು, ನಮ್ಮ ಪ್ರೌಢಶಾಲೆಯ ಮುಖ್ಯಶಿಕ್ಷಕಿ, ದೈಹಿಕ ಶಿಕ್ಷಕರು ಮತ್ತು ಗಣಿತ ಕಲಿಸುವ ನಾನು. ಕಬ್ಬು ಕಡಿದು, ಒಣ ಗರಿಯ ರವದಿ ಸುಟ್ಟು, ನೆಲ ಕಪ್ಪಗೆ ಕಾಣುತ್ತಿತ್ತು.

ಅಥಣಿಯಿಂದ ಕಾಗವಾಡಕ್ಕೆ ಹೋಗುವ ದಾರಿಯಿಂದ ತುಸು ಒಳಗಿರುವ ನಮ್ಮ ಶಾಲೆಗೆ ಸ್ವಂತ ಮೈದಾನ ಇಲ್ಲ. ಕಾಂಪೌಂಡಿಗೆ ಹತ್ತಿದ ಸಾವುಕಾರರ ಖಾಲಿ ಜಾಗದಲ್ಲಿ ಮಕ್ಕಳು ವರ್ಷಗಳಿಂದ ಆಡುತ್ತಿದ್ದರು. 99 ಅಡಿ ಉದ್ದ, 66 ಅಡಿ ಅಗಲ, ನಾಲ್ಕೂ ಮೂಲೆ ನೆಟ್ಟಗೆ. ಒಂದು ಗುಂಟೆ ಎಂದರೆ 33 ಅಡಿಯ ಚೌಕ. ಅಂಥ ಮೂರು ಚೌಕ ಉದ್ದಕ್ಕೆ, ಎರಡು ಅಗಲಕ್ಕೆ. ಒಟ್ಟು ಆರು ಗುಂಟೆ. ನಮ್ಮ ಹುಡುಗಿಯರ ಖೋ-ಖೋ ತಂಡ ತಯಾರಾದದ್ದು ಅಲ್ಲೇ. ಈಗ ಸಾವುಕಾರರಿಗೆ ಅಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ ಹಾಕಬೇಕಾಗಿತ್ತು. ಮುಂದಿನ ಬುಧವಾರಕ್ಕೆ ಜೆಸಿಬಿ ಹೇಳಿದ್ದರು. ಹಾಗೆಂದು ಮಕ್ಕಳನ್ನು ಬೀದಿಗೆ ಬಿಡುವ ಮನುಷ್ಯರಲ್ಲ ಅವರು. ಕಾಲುವೆ ಪಕ್ಕದ ಈ ಹೊಲವನ್ನು ಆಟಕ್ಕೆ ಬಿಡುವುದಾಗಿ ತಾವೇ ಬಂದು ಹೇಳಿದ್ದರು.

‘ಅಷ್ಟಕ್ಕಷ್ಟ ಕೊಡತೀನ್ರಿ ಬಾಯಾರ. ಆರು ಗುಂಟೆ ತಗೊಂಡೀನಿ, ಆರು ಗುಂಟೆ ಕೊಡತೀನಿ. ಒಂದ ಅಡಿ ಕಡಿಮಿ ಆದ್ರೂ ನನ್ನ ಕೇಳ್ರಿ’ ಎಂದು ಮುಖ್ಯಶಿಕ್ಷಕಿಯ ಮುಂದೆ ಮಾತು ಕೊಟ್ಟರು.

ಹಗ್ಗ ಹಿಡಿದ ಹಿರಿಯರನ್ನು ಊರಿನಲ್ಲಿ ಎಲ್ಲರೂ ಅಳತೆ ಅಜ್ಜ ಎನ್ನುತ್ತಾರೆ. ಅಣ್ಣ ತಮ್ಮಂದಿರು ಹೊಲ ಹಂಚಿಕೊಳ್ಳುವಾಗ, ಟ್ರ್ಯಾಕ್ಟರ್ ಹೊಡೆಸುವಾಗ ಅವರ ಹಗ್ಗವೇ ಕೊನೆಯ ಮಾತು. ಕಾಲುವೆಯ ಬದಿ 102 ಅಡಿ, ಅದರ ಎದುರಿನದು 96. ಒಂದು ಪಕ್ಕದ ಬದು 68, ಇನ್ನೊಂದು 64. ಅಜ್ಜ ಬಾಯಲ್ಲೇ ಲೆಕ್ಕ ಮಾಡಿದರು. ಎದುರುಬದುರಿನ ಬದು ಕೂಡಿಸಿ ಅರ್ಧ ಮಾಡಬೇಕು. ಬಂದ ಎರಡನ್ನು ಗುಣಿಸಬೇಕು. 99 ಗುಣಿಲೆ 66.

‘ಬರೋಬರ್ ಆರು ಗುಂಟೆ’ ಎಂದರು.

ದೈಹಿಕ ಶಿಕ್ಷಕರು ಹೊಲದ ಮೂಲೆಯನ್ನೇ ನೋಡುತ್ತಿದ್ದರು. ‘ಅಜ್ಜಾರ, ಕೋರ್ಟ್ ಕುಂದ್ರಂಗಿಲ್ರಿ. ಕಂಬದಿಂದ ಕಂಬಕ್ಕ ಗೆರಿ ಹೊಡದ್ರ ಮೂಲಿ ಹೋಗಿ ಮಗ್ಗಲದ ಕಬ್ಬಿನಾಗ ಬೀಳತಾವು.’

‘ಅಲ್ಲಿ ಕುಂತದ್ದು ಇಲ್ಯಾಕ ಕುಂದ್ರಂಗಿಲ್ಲೋ? ಆರು ಅಂದ್ರ ಆರ. ನಿನ್ನ ಕೋರ್ಟ್ ಸ್ವಲ್ಪ ತಿರುವಿ ಕುಂದ್ರಸು.’

ಹೊಲ ಕಣ್ಣಿಗೆ ಕಾಣುವಷ್ಟು ಓರೆಯಾಗಿತ್ತು. ನಾಲ್ಕು ಬದುಗಳ ಅಳತೆಯಷ್ಟೇ ಸಾಲದು ಎಂದು ನಾನು ಹೇಳಿದೆ. ಅಜ್ಜ ಹಗ್ಗ ಸುತ್ತುತ್ತ ನಕ್ಕರು. ‘ಮಾಸ್ತರ, ನೀವು ಹುಟ್ಟೂಕಿಂತ ಮೊದಲ ಹಿಡದ ಹಗ್ಗ ಇದು.’ ಸಾವುಕಾರರು ಮಾತ್ರ, ‘ಜೆಸಿಬಿ ಬರೂದು ಬುಧವಾರ. ಅಲ್ಲೀತನಕಾ ತೋರಸ್ರಿ, ನೋಡೂಣು’ ಎಂದರು. ಹೀಗೆ ಎಂಟು ದಿನ ಸಿಕ್ಕವು.

ತೋರಿಸುವುದು ನನಗೆ ಹೊಸದಲ್ಲ. ಗಣಿತದಲ್ಲಿ ನಾನು ಸೂತ್ರವನ್ನು ಮೊದಲು ಬರೆಯುವುದಿಲ್ಲ. ಮೊದಲು ವಸ್ತು ಮೇಜಿನ ಮೇಲೆ ಬರಬೇಕು, ಮಕ್ಕಳು ಕೈ ಹಾಕಬೇಕು, ಕಂಡದ್ದನ್ನು ಅವರೇ ಹೇಳಬೇಕು, ಕೊನೆಗೆ ಸೂತ್ರ. ಒಂಬತ್ತನೇ ತರಗತಿಗೆ ಆಗ ವಿಸ್ತೀರ್ಣದ ಪಾಠವೇ ನಡೆದಿತ್ತು. ಗುರುವಾರ ಡ್ರಿಪ್ ಪೈಪಿನ ನಾಲ್ಕು ಸಮ ತುಂಡುಗಳಲ್ಲಿ ದಾರ ಪೋಣಿಸಿ ಒಂದು ಚೌಕಟ್ಟು ಮಾಡಿಕೊಂಡು ಹೋದೆ. ಮೂಲೆಗಳು ಮಡಚುತ್ತವೆ, ಬಾಹುಗಳ ಉದ್ದ ಬದಲಾಗುವುದಿಲ್ಲ. ಒಳಗಿನ ಬಾಹು ಹತ್ತೊಂಬತ್ತು ಸೆಂಟಿಮೀಟರಿಗಿಂತ ತುಸು ಹೆಚ್ಚು. ಅದರೊಳಗೆ ಎರಡು ಸೆಟ್ಟಿನ ಕೇರಂ ಕಾಯಿಗಳನ್ನು ಸಾಲಿಗೆ ಆರರಂತೆ ಆರು ಸಾಲು ಜೋಡಿಸಿದೆ. ಮೂವತ್ತಾರು. ಚೌಕಟ್ಟನ್ನು ಓರೆಯಾಗಿ ಒತ್ತಿದರೆ ಒಳಗಿನ ಜಾಗ ಕಡಿಮೆಯಾಗಿ ಕೆಲವು ಕಾಯಿ ಹೊರಗೆ ಜಿಗಿಯುತ್ತವೆ ಎಂಬುದು ನನ್ನ ಯೋಜನೆ.

ಒತ್ತಲು ಕರೆದದ್ದು ಖೋ-ಖೋ ತಂಡದ ನಾಯಕಿಯನ್ನು. ಅವಳು ಅಳತೆ ಅಜ್ಜನ ಮೊಮ್ಮಗಳು. ಮೈದಾನದ ವಿಷಯ ಅವಳಿಗೆ ಗೊತ್ತಿತ್ತು. ಒತ್ತುವ ಮೊದಲು ಕೇಳಿದಳು: ‘ಸರ, ಇದು ನಮ್ಮ ಅಜ್ಜನ ಲೆಕ್ಕಾನರಿ?’ ಹೌದು ಎಂದೆ.

ಅವಳು ಮೆಲ್ಲಗೆ ಒತ್ತಿದಳು. ಸಾಲುಗಳು ಒಂದರ ಪಕ್ಕ ಒಂದು ಸರಿದವು. ಚೌಕಟ್ಟು ಚೆನ್ನಾಗಿಯೇ ಓರೆಯಾಯಿತು. ಒಂದು ಕಾಯಿಯೂ ಹೊರಗೆ ಬರಲಿಲ್ಲ.

‘ಇನ್ನ ಒತ್ತಾಕ ಬರವಲ್ದ್ರಿ, ಬಿಗಿ ಆತು’ ಎಂದಳು.

ಎಣಿಸಿದರು. ಮೂವತ್ತಾರು. ಮತ್ತೊಮ್ಮೆ ಎಣಿಸಿದರು. ಮೂವತ್ತಾರು.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ‘ಅಜ್ಜ ಪಾಸ್, ಸರ ನಪಾಸ್’ ಎಂದ. ತರಗತಿ ನಕ್ಕಿತು. ನಾಯಕಿಯೂ ನಕ್ಕಳು, ಆಮೇಲೆ ಏನೋ ಹೊಳೆದಂತೆ ಚೌಕಟ್ಟಿನಿಂದ ಕೈ ತೆಗೆದಳು. ಅಜ್ಜ ಸರಿಯಾದರೆ ಮೈದಾನ ಹೋಯಿತು ಎಂಬುದು ಅವಳಿಗೆ ಆಗ ಅರ್ಥವಾಗಿರಬೇಕು. ‘ಇದನ್ನು ಸೋಮವಾರ ನೋಡೋಣ’ ಎಂದು ಹೇಳಿ ಪಾಠ ಮುಂದುವರಿಸಿದೆ. ಸಂಜೆಯೊಳಗೆ ಸುದ್ದಿ ಹಾಲಿನ ಡೇರಿಯವರೆಗೂ ತಲುಪಿತ್ತು.

ಶುಕ್ರವಾರ ಮುಖ್ಯಶಿಕ್ಷಕಿ ಕರೆದರು. ಅವರದು ಗಡುಸು ಮಾತಲ್ಲ, ಆದರೆ ನೇರ ಮಾತು. ‘ನೋಡ್ರಿ ಸರ, ಕಾಯಿ ಗೀಯಿ ಸಾಕು. ಬೋರ್ಡ್ ಮ್ಯಾಲ ಸೂತ್ರಾ ಬರದು ಪಾಠಾ ಮುಗಸ್ರಿ. ಸಾವ್ಕಾರ್ರು ಇರೂ ಜಾಗಾನೂ ಕೊಡೂದಿಲ್ಲ ಅಂದ್ರ ಏನ್ ಮಾಡೂದು? ಮಂಗಳವಾರ ನಾ ಒಪ್ಪಿಗಿ ಹೇಳಾಕಿ.’ ಅವರ ಭಯ ನಿಜವಾದದ್ದೇ. ಮಂಗಳವಾರ ಸಂಜೆಯವರೆಗೆ ಸಮಯ ಕೇಳಿಕೊಂಡೆ.

ಶನಿವಾರ ಅರ್ಧ ದಿನದ ಶಾಲೆ. ಮಕ್ಕಳು ಹೋದ ಮೇಲೆ ಖಾಲಿ ತರಗತಿಯಲ್ಲಿ ಚೌಕಟ್ಟು ಹಾಕಿ ಮತ್ತೆ ಕಾಯಿ ಜೋಡಿಸಿದೆ. ಈ ಸಲ ಕಾಯಿಗಳನ್ನು ಬಿಟ್ಟು ಕಾಯಿಗಳ ನಡುವೆ ನೋಡಿದೆ. ಚೌಕದಲ್ಲಿ ನಾಲ್ಕು ಕಾಯಿ ಕೂಡುವಲ್ಲಿ ನಕ್ಷತ್ರದಂಥ ದೊಡ್ಡ ಸಂದು ಇತ್ತು. ಓರೆಯಾದಾಗ ಮೇಲಿನ ಸಾಲಿನ ಕಾಯಿ ಕೆಳಗಿನ ಎರಡರ ನಡುವಿನ ತಗ್ಗಿಗೆ ಇಳಿಯುತ್ತಿತ್ತು. ಮೂರು ಕಾಯಿಗಳ ನಡುವೆ ಉಳಿಯುವುದು ಚಿಕ್ಕ ಸಂದು ಮಾತ್ರ. ಜಾಗ ಕಡಿಮೆಯಾಗಿತ್ತು, ಆದರೆ ಆ ನಷ್ಟವನ್ನೆಲ್ಲ ಸಂದುಗಳು ನುಂಗಿಕೊಂಡಿದ್ದವು. ದುಂಡನೆಯ ವಸ್ತು ಆರಿಸಿದ್ದೇ ತಪ್ಪು. ಪ್ರಾತ್ಯಕ್ಷಿಕೆ ಕಣ್ಣಿಗೆ ಕಾಣುವುದರಿಂದಲೇ ಅಪಾಯಕಾರಿ: ಅದು ತಪ್ಪು ತೋರಿಸಿದಾಗಲೂ ಮಕ್ಕಳು ನಂಬುತ್ತಾರೆ, ಕಲಿಸುವವನೂ ತಡವರಿಸುತ್ತಾನೆ.

ಅದೇ ಮಧ್ಯಾಹ್ನ ದೈಹಿಕ ಶಿಕ್ಷಕರೊಂದಿಗೆ ಹೊಲಕ್ಕೆ ಹೋಗಿ ಮೂಲೆಯಿಂದ ಮೂಲೆಗೆ ಕರ್ಣ ಅಳೆದೆ. 80 ಅಡಿ. ಈಗ ಹೊಲ ಎರಡು ತ್ರಿಭುಜ ಆಯಿತು. ಮೂರು ಬಾಹು ಗೊತ್ತಿದ್ದರೆ ತ್ರಿಭುಜದ ವಿಸ್ತೀರ್ಣ ತೆಗೆಯುವ ಸೂತ್ರ ಒಂಬತ್ತನೇ ತರಗತಿಯ ಪುಸ್ತಕದಲ್ಲೇ ಇದೆ. ಎರಡನ್ನೂ ಕೂಡಿಸಿದಾಗ 5,255 ಚದರಡಿ ಬಂತು. ಆರು ಗುಂಟೆಗೆ 6,534 ಬೇಕು. ಕೊರತೆ 1,279 ಚದರಡಿ, ಅಂದರೆ ಒಂದು ಗುಂಟೆಗೂ ಹೆಚ್ಚು.

ಉತ್ತರ ಕೈಯಲ್ಲಿತ್ತು. ಚೀಟಿಯ ಮೇಲೆ ಬರೆದು ಮುಖ್ಯಶಿಕ್ಷಕಿಗೆ ಕೊಡಬಹುದಾಗಿತ್ತು. ಕೊಡಲಿಲ್ಲ. ವರ್ಗಮೂಲದ ಚಿಹ್ನೆ ಇರುವ ಒಂದು ಚೀಟಿ ಅಜ್ಜನ ಹಗ್ಗದ ಎದುರು ನಿಲ್ಲುವುದಿಲ್ಲ. ನಿಂತರೂ ಅಜ್ಜನಿಗೆ ಅವಮಾನ, ಮೊಮ್ಮಗಳಿಗೆ ಸಂಕಟ. ಹೊಲದಲ್ಲೇ, ಅಜ್ಜನ ಹಗ್ಗದಿಂದಲೇ, ಸೂತ್ರವಿಲ್ಲದೆ ತೋರಿಸಬೇಕು ಎಂದು ತೀರ್ಮಾನಿಸಿದೆ. ಇನ್ನೊಂದು ತೀರ್ಮಾನವೂ ಅದರ ಜೊತೆಗೇ ಆಯಿತು. ಕೇರಂ ಕಾಯಿಯ ಸೋಲನ್ನು ಮುಚ್ಚಿಡಬಾರದು, ಅಲ್ಲಿಂದಲೇ ಶುರು ಮಾಡಬೇಕು. ಮಾಸ್ತರಿಕೆಗೆ ಬರುವ ಮೊದಲು ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದಾಗ ಕಲಿತ ಪಾಠ ಅದು: ತಪ್ಪು ಅಚ್ಚಾದ ಪುಟದಲ್ಲೇ ತಿದ್ದುಪಡಿಯೂ ಅಚ್ಚಾಗಬೇಕು.

ಅಥಣಿಯಲ್ಲಿ ಕಿಟಕಿ ಮಾಡುವವರ ಅಂಗಡಿಯಿಂದ ಅಲ್ಯೂಮಿನಿಯಂ ಪಟ್ಟಿಯ ನಾಲ್ಕು ತುಂಡು ತಂದೆ. ಒಂದೊಂದೂ ಒಂದು ಅಡಿ ಉದ್ದ, ಒಂದು ಇಂಚು ಎತ್ತರ. ಮೂಲೆಗೆ ಸ್ಕ್ರೂ ಹಾಕಿಸಿದೆ. ಸೋಮವಾರ ತರಗತಿಯಲ್ಲಿ ಅದನ್ನು ಗಾಜಿನ ಮೇಲಿಟ್ಟು ಜರಡಿ ಹಿಡಿದ ಮರಳು ತುಂಬಿಸಿದೆ. ಅಂಚಿನವರೆಗೆ ತುಂಬಿ ಸ್ಕೇಲಿನಿಂದ ಒರೆಸಲು ಹದಿನಾರು ಚಹಾ ಲೋಟ ಮರಳು ಬೇಕಾಯಿತು. ಮರಳು ಸಂದು ಬಿಡುವುದಿಲ್ಲ ಎಂಬುದನ್ನು ಮಕ್ಕಳೇ ಹೇಳಿದರು, ಕೇರಂ ಕಾಯಿಗಳ ಸಂದು ತೋರಿಸಿದ ಮೇಲೆ.

ನಾಯಕಿ ಒತ್ತಿದಳು. ಕಾಯಿಗಳು ಬಿಗಿಯಾಗಿದ್ದ ಅದೇ ಓರೆಗೆ ಬಂದಾಗ ಮರಳು ಅಂಚು ಮೀರಿ ಉಬ್ಬಿತು. ಒರೆಸಿದಾಗ ಎರಡು ಲೋಟ ಮತ್ತು ಸ್ವಲ್ಪ ಬಂತು. ಎದುರು ಬಾಹುಗಳ ನಡುವೆ ಅರ್ಧ ಅಡಿ ಉಳಿಯುವವರೆಗೆ ಇನ್ನಷ್ಟು ಒತ್ತಲು ಹೇಳಿದೆ. ಒಟ್ಟು ಹೊರಗೆ ಬಂದದ್ದು ಎಂಟು ಲೋಟ, ಸರಿಯಾಗಿ ಅರ್ಧ.

‘ಈಗ ಅಜ್ಜನ ಲೆಕ್ಕ ಹಾಕಿ’ ಎಂದೆ.

‘ಒಂದ ಅಡಿ ಗುಣಲೆ ಒಂದ ಅಡಿ. ಅಷ್ಟ ಐತ್ರಿ’ ಎಂದರು ಮುಂದಿನ ಬೆಂಚಿನವರು.

ನಾಯಕಿ ಯಾರೂ ಹೇಳದೆ ಚೌಕಟ್ಟನ್ನು ಪೂರ್ತಿ ಒತ್ತಿಬಿಟ್ಟಳು. ಎದುರು ಪಟ್ಟಿಗಳು ಒಂದಕ್ಕೊಂದು ತಾಗಿದವು. ಒಳಗೆ ಮರಳಿಗೆ ಜಾಗವೇ ಉಳಿಯಲಿಲ್ಲ. ಅವಳು ಅದನ್ನು ಎತ್ತಿ ಕೋಲಿನಂತೆ ಹಿಡಿದಳು.

‘ಸರ, ಜಾಗಾ ಪೂರಾ ಹೋತ್ರಿ. ಅಜ್ಜನ ಲೆಕ್ಕಾ ಮಾತ್ರ ಹಂಗ ಉಳೀತು.’

ಎಷ್ಟೋ ವರ್ಷ ಕಲಿಸಿದ ನನಗೆ ಇಷ್ಟು ಚಿಕ್ಕ ರುಜುವಾತು ಹೊಳೆದಿರಲಿಲ್ಲ. ಆಮೇಲೆ ತರಗತಿ ಪುಸ್ತಕದಲ್ಲಿದ್ದ ಸೂತ್ರ ನೋಡಿ, ಹೊಲದ ಅಂಕಿಗಳನ್ನಿಟ್ಟುಕೊಂಡು ಎರಡು ತ್ರಿಭುಜದ ಲೆಕ್ಕ ಮಾಡಿತು. ನಲವತ್ತೊಂದು ಮಕ್ಕಳಲ್ಲಿ ಮೂವತ್ತಮೂರು ಜನಕ್ಕೆ 5,255 ಬಂತು. ಉಳಿದವರು ವರ್ಗಮೂಲದಲ್ಲಿ ತಪ್ಪಿದ್ದರು, ಪಕ್ಕದವರು ತಿದ್ದಿದರು.

ಗಂಟೆ ಹೊಡೆದ ಮೇಲೆ ನಾಯಕಿ ನನ್ನ ಮೇಜಿನ ಬಳಿ ನಿಂತಳು. ‘ನಾಳೆ ಎಲ್ಲಾರ ಮುಂದ ಅಜ್ಜಗ ತಪ್ಪ ಅಂತೀರೇನ್ರಿ?’

‘ಇಲ್ಲ. ಹಗ್ಗ ಅಜ್ಜನ ಕೈಯಲ್ಲೇ ಇರುತ್ತದೆ. ಅಳತೆ ಅವರೇ ಓದುತ್ತಾರೆ.’

ಸ್ವಲ್ಪ ಯೋಚಿಸಿ, ‘ಹಂಗಾರ ನಾ ಆ ಕಡೆ ತುದಿ ಹಿಡೀತೀನ್ರಿ’ ಎಂದಳು.

ಮಂಗಳವಾರ ನಾಲ್ಕು ಗಂಟೆಗೆ ಹೊಲದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸೇರಿದ್ದರು. ಡೇರಿಯಲ್ಲಿ ಸುದ್ದಿ ಕೇಳಿ ಬಂದವರೇ ಅರ್ಧ. ನಾನು ಮೊದಲು ಕೇರಂ ಕಾಯಿಗಳನ್ನು ತೆಗೆದೆ. ಗುರುವಾರ ನಡೆದದ್ದನ್ನು ಹಾಗೆಯೇ ಮಾಡಿ ತೋರಿಸಿ, ‘ಇದರಲ್ಲಿ ಅಜ್ಜನೇ ಗೆದ್ದರು, ನಾನು ಸೋತೆ. ಯಾಕೆ ಸೋತೆ ಎಂದು ಈಗ ನೋಡಿ’ ಎಂದೆ. ನಗು ಬಂತು, ಆದರೆ ಜನ ಹತ್ತಿರವೂ ಬಂದರು. ಮರಳಿನ ಚೌಕಟ್ಟನ್ನು ಸಾವುಕಾರರೇ ಒತ್ತಿದರು. ಉಬ್ಬಿದ ಮರಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

‘ಮಾಸ್ತರ, ಇದು ಆಟಿಗಿ. ಹೊಲಾ ತೋರಸ್ರಿ’ ಎಂದರು ಅಜ್ಜ.

ಹೊಲ ತೋರಿಸುವ ಸರದಿ ಮಕ್ಕಳದು. ಕಾಲುವೆಯ ಬದಿಗೆ ನೆಟ್ಟಗೆ ನಿಲ್ಲುವ ಗೆರೆ ಬೇಕಿತ್ತು. ಒಂಬತ್ತು, ಹನ್ನೆರಡು, ಹದಿನೈದು ಅಡಿಗಳ ಹಗ್ಗದ ತ್ರಿಕೋನ ಎಳೆದು ಮೂಲೆ ಮಾಡಿದರು. ಗುಂಪಿನಲ್ಲಿದ್ದ ಒಬ್ಬ ಗೌಂಡಿ, ‘ನಾವೂ ಮನಿ ಪಾಯಾ ಹಿಂಗ ಹಾಕೂದು, ಮೂಲಿ ತಪ್ಪಂಗಿಲ್ಲ’ ಎಂದ. ಅದು ನನ್ನ ಯಾವ ವಿವರಣೆಗಿಂತ ಹೆಚ್ಚು ಕೆಲಸ ಮಾಡಿತು. ಆ ನೇರ ಗೆರೆಯ ಮೇಲೆ ಅಜ್ಜ ಹಗ್ಗ ಹಿಡಿದರು, ಮೊಮ್ಮಗಳು ಎದುರಿನ ಬದುವಿನಲ್ಲಿ ತುದಿ ಹಿಡಿದಳು.

‘ಬಿಗಿ ಹಿಡಿಯಬೇ’ ಎಂದರು ಅಜ್ಜ.

‘ಬಿಗೀನ ಐತಿ ಅಜ್ಜಾ.’

ಅಜ್ಜ ಅಡಿಗೊಂದರಂತೆ ಹಾಕಿದ ಹಗ್ಗದ ಗಂಟು ನೋಡಿದರು. ಮತ್ತೆ ನೋಡಿದರು. ‘ಐವತ್ಮೂರು.’ ಇನ್ನೊಂದು ತುದಿಗೆ ಹೋಗಿ ತಾವೇ ಮೂಲೆ ಹಿಡಿಸಿ ಅಳೆದರು. ಅಲ್ಲೂ ಐವತ್ತಮೂರು. ಓರೆ ಬದುವಿನ ಉದ್ದಕ್ಕೂ ಹಗ್ಗ 68 ಹೇಳುತ್ತಿತ್ತು, 64 ಹೇಳುತ್ತಿತ್ತು. ಅಗಲ ಮಾತ್ರ 53.

ದೈಹಿಕ ಶಿಕ್ಷಕರು ಸುಣ್ಣದ ಪುಡಿ ಹಿಡಿದು, ಕಾಲುವೆಯಿಂದ 33 ಅಡಿಗೆ ಉದ್ದಕ್ಕೂ ಗೆರೆ ಹೊಡೆದರು. ಆ ಗೆರೆಯ ಉದ್ದ ಸುಮಾರು 99 ಅಡಿ, ಅಂದರೆ ಗುಂಟೆಯ ಮೂರು ಚೌಕದಷ್ಟು. ಮೊದಲ ಸಾಲು ತುಂಬಿತು. ಎರಡನೇ ಸಾಲಿಗೆ ಇನ್ನೂ 33 ಬೇಕು. 20 ಅಡಿಗೇ ಬದು ಅಡ್ಡ ಬಂತು. ಹಳೆಯ ಮೈದಾನದಲ್ಲಿ ಎರಡು ಸಾಲು ಪೂರ್ತಿ ಹಿಡಿದದ್ದು ಎಲ್ಲರಿಗೂ ಗೊತ್ತು. ಇಲ್ಲಿ ಹದಿಮೂರು ಅಡಿ ಅಗಲದ ಪಟ್ಟಿ ಉದ್ದಕ್ಕೂ ಇಲ್ಲ. ಯಾರಿಗೂ ಏನನ್ನೂ ಗುಣಿಸಬೇಕಾಗಲಿಲ್ಲ.

ಸಾವುಕಾರರು ಸುಣ್ಣದ ಗೆರೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ಹಿಂತಿರುಗಿದರು.

‘ಅಜ್ಜಾರ, ಒಂದ ಮಾತ ನೆನಪಾತ್ರಿ’ ಎಂದರು. ‘ಈ ಪಟ್ಟಿಗೆ ಲಾಗಣಿ ಮಾಡಿ ಕಬ್ಬ ಹಚ್ಚಿದಾಗೊಮ್ಮೆ ಬೀಜದ ಕಬ್ಬ ಉಳೀತಿತ್ತು. ಆರು ಗುಂಟೆ ಲೆಕ್ಕದ್ಲೆ ತರಸ್ತಿದ್ದೆ, ಒಂದ ಹೊರಿ ಮಿಕ್ಕೇ ಮಿಗತಿತ್ತು. ಆಳುಗೋಳ ವಿರಳ ಹಚ್ಯಾರ ಅಂತ ಬೈದ ಬೈದ ಸಾಕಾಗಿತ್ತ ನೋಡ್ರಿ.’

ಅಜ್ಜ ಬದುವಿನ ಮೇಲೆ ಕುಳಿತರು. ಹಗ್ಗವನ್ನು ಮೊಣಕಾಲ ಮೇಲಿಟ್ಟುಕೊಂಡು ಮೊಮ್ಮಗಳನ್ನು ಕೇಳಿದರು: ‘ಮೂಲಿ ನೆಟ್ಟಗ ಇದ್ದ ಹೊಲಕ್ಕ ನನ್ನ ಲೆಕ್ಕಾ ಬರೋಬರ್ ಹೌದಲ್ಲಬೇ?’

‘ಬರೋಬರ್ ಅಜ್ಜಾ. ಮೂಲಿ ವಾರಿ ಇದ್ದಾಗ ಅಷ್ಟ ತಪ್ಪತೈತಿ. ವಾರಿ ಹೆಚ್ಚಾದಂಗ ಹೆಚ್ಚ ತಪ್ಪತೈತಿ.’

‘ಹಂಗಾರ ಎಷ್ಟ ಕಡಿಮಿ ಬಿತ್ತು ಹೇಳು. ಬಾಯಿಲೆ ಬ್ಯಾಡ, ಬರದ ತೋರಸು.’

ಮಕ್ಕಳ ಎರಡು ಲೆಕ್ಕ ಇದ್ದವು. ಎರಡು ತ್ರಿಭುಜದ ಲೆಕ್ಕ 5,255. ಈಗ ಹಗ್ಗ ಹೇಳಿದ 99 ಗುಣಿಲೆ 53 ಎಂದರೆ 5,247. ಎಂಟು ಚದರಡಿಯ ವ್ಯತ್ಯಾಸವನ್ನೂ ನಾಯಕಿ ಓದಿ ಹೇಳಿದಳು. ಹೆಚ್ಚಿನದನ್ನೇ ಹಿಡಿದರೂ ಕೊರತೆ 1,279. ಸಾವುಕಾರರು ಅದನ್ನು ಇನ್ನೊಮ್ಮೆ ಓದಿಸಿದರು.

‘ಮಾತಂದ್ರ ಮಾತು. ಎಲ್ಲಿ ಬೇಕು ಹೇಳ್ರಿ, ಅಲ್ಲಿ ಹಿಡಕೋರಿ’ ಎಂದರು.

ಎಲ್ಲಿ ಹಿಡಿಯಬೇಕು ಎಂಬುದಕ್ಕೆ ಮಕ್ಕಳು ಮೊದಲೇ ನಕ್ಷೆ ಹಾಕಿದ್ದರು. 68 ಅಡಿಯ ಓರೆ ಬದುವನ್ನು ನೆಟ್ಟಗೆ ಮಾಡಿದರೆ ಅದರಾಚೆಯ ಒಂದು ತ್ರಿಕೋನ ಮೈದಾನಕ್ಕೆ ಸೇರುತ್ತದೆ. ಅದರ ಪಾದ 42 ಅಡಿ, ಎತ್ತರ 53. ಅರ್ಧ ಮಾಡಿದರೆ 1,113 ಚದರಡಿ. ಉಳಿದ 166ಕ್ಕೆ ಆ ನೆಟ್ಟನೆಯ ಗೆರೆಯನ್ನು ಮೂರು ಅಡಿಗಿಂತ ತುಸು ಹೆಚ್ಚು ಹೊರಗೆ ಸರಿಸಬೇಕು. ಕೋರ್ಟೂ ಕೂರುತ್ತದೆ. ಆ ತ್ರಿಕೋನದಲ್ಲಿ ಸಾವುಕಾರರದೇ ಕುಳೆ ಕಬ್ಬು, ಕಡಿದ ಬುಡದಿಂದ ಮತ್ತೆ ಚಿಗುರಿದ್ದು, ಮೊಣಕಾಲೆತ್ತರ ಬೆಳೆದಿತ್ತು.

‘ಮೂರ ಅಡಿ ಮ್ಯಾಲ ಚಿಲ್ಲರ ಯಾಕ? ಮೂರೂವರಿ ಹಿಡೀರಿ’ ಎಂದರು ಸಾವುಕಾರರು. ಯಾರೋ ಗೂಟ ತಂದರು. ಅಜ್ಜ ಎದ್ದು, ಗೌಂಡಿಯಿಂದ ಮೂಲೆ ಹಿಡಿಸಿ, ತಾವೇ ಗೂಟ ಹೊಡೆದರು. ಮುಖ್ಯಶಿಕ್ಷಕಿ ನನ್ನ ಪಕ್ಕ ಬಂದು, ‘ಸೂತ್ರಾ ಬೋರ್ಡ್ ಮ್ಯಾಲ ಯಾವಾಗ ಬರೀತೀರಿ?’ ಎಂದರು. ನಾಳೆ ಎಂದೆ. ‘ನಾನೂ ಬಂದ ಕುಂದ್ರತೀನಿ’ ಎಂದರು.

ಬುಧವಾರ ಹೇಳಿದ ಹೊತ್ತಿಗೆ ಜೆಸಿಬಿ ಬಂದು ಹಳೆಯ ಮೈದಾನದಲ್ಲಿ ಶೆಡ್ಡಿನ ಪಾಯ ತೆಗೆಯಿತು. ಅದೇ ಮಧ್ಯಾಹ್ನ ಸಾವುಕಾರರ ಟ್ರ್ಯಾಕ್ಟರ್ ಕಾಲುವೆಯ ಪಕ್ಕದ ಕುಳೆ ಕಬ್ಬು ಕಿತ್ತು ಹೊಸ ಬದು ಏರಿಸಿತು. ನೀರು ಹೊಡೆದು ರೋಲರ್ ಆಡಿಸಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಅಜ್ಜ ಒಂದು ಕೆಲಸ ಮಾಡಿದರು ಎಂದು ಮೊಮ್ಮಗಳು ಹೇಳಿದಳು: ಹಿಂದೆ ತಾವು ಅಳೆದ ಓರೆ ಹೊಲಗಳ ಯಾದಿ ಅವಳ ಕೈಯಲ್ಲಿ ಬರೆಸಿದರು. ಹದಿನಾಲ್ಕು ಆದವಂತೆ. ಎಲ್ಲದರ ಕರ್ಣ ಅಳೆಯಬೇಕು, ರಜೆಯಲ್ಲಿ ಜೊತೆಗೆ ಬರಬೇಕು ಎಂದಿದ್ದಾರಂತೆ.

ಸೋಮವಾರ ಸಂಜೆ ದೈಹಿಕ ಶಿಕ್ಷಕರು ಎರಡು ಕಂಬ ನೆಟ್ಟು ಸುಣ್ಣ ಹಾಕಿದರು. ಕಾಲುವೆಯ ಕಡೆ ಅಂಚಿನಲ್ಲಿ ಜಾಗ ಬಿಗಿ. ಉಳಿದಂತೆ ಕೋರ್ಟಿನ ನಾಲ್ಕೂ ಮೂಲೆ ಒಳಗೇ ಕುಳಿತವು. ಎಂಟು ಹುಡುಗಿಯರು ನಡುಗೆರೆಯ ಮೇಲೆ ಎದುರುಬದುರು ಮುಖ ಮಾಡಿ ಕುಳಿತರು, ನಾಯಕಿ ಕಂಬದ ಬಳಿ ನಿಂತಳು. ಐದೂಕಾಲಿಗೆ ಸೀಟಿ ಆಯಿತು. ಅವಳು ಓಡುತ್ತ ಬಂದು ಮೂರನೆಯವಳ ಬೆನ್ನು ಮುಟ್ಟಿ ‘ಖೋ’ ಎಂದಳು. ಬದುವಿನ ಮೇಲೆ ಕುಳಿತಿದ್ದ ಅಜ್ಜ, ಪಕ್ಕದವರು ಕೇಳದಿದ್ದರೂ ಹೇಳಿದರು:

‘ಆರು ಗುಂಟೆ. ಮ್ಯಾಲ ಸ್ವಲ್ಪ.’